ಎಡ್ನಾ ಮೇ ಪುಟದ ಹೊಸ ಹೆಸರು

ಅಮೆರಿಕದ ಮೇಯ್ನ್ ಕರಾವಳಿಯ ನಮ್ಮ ಸ್ಪ್ರೌಲ್ ಬಂದರಿನಲ್ಲಿ ದೋಣಿಗೆ ಹೆಂಗಸಿನ ಹೆಸರಿಡುವುದು ರೂಢಿ. ಹೆಂಡತಿಯದು, ತಾಯಿಯದು, ಮಗಳದು. ಹೆಂಡತಿ ಬಿಟ್ಟುಹೋದರೂ ಅವಳ ಹೆಸರು ಮಾತ್ರ ದೋಣಿಯ ಹಿಂಬದಿಯಲ್ಲಿ ಉಳಿದೇ ಇರುತ್ತದೆ. ದೋಣಿಯ ಹೆಸರು ಬದಲಿಸಿದರೆ ಕೇಡು ತಪ್ಪಿದ್ದಲ್ಲ ಎಂದು ಇಲ್ಲಿ ಎಲ್ಲರೂ ನಂಬುತ್ತಾರೆ. ನನ್ನ ತಮ್ಮ ಮರ್ಲ್ ಎಲ್ಲರಿಗಿಂತ ಒಂದು ಕೈ ಹೆಚ್ಚು.

ಮರ್ಲ್ ಮರದ ದೋಣಿ ಕಟ್ಟುವವನು. ತನ್ನ ದೋಣಿ ಶೆಡ್ಡಿನ ವೆಬ್‌ಸೈಟನ್ನೂ ಅವನೇ ಕೂತು ಮಾಡಿದ್ದ, ನೋಡಲು ಚೆನ್ನಾಗಿಯೇ ಇತ್ತು. ಆದರೆ ಪುಟಗಳಿಗೆ ಹೆಸರಿಡುವಾಗ ದೋಣಿಗಿಡುವ ಹಾಗೆ ಇಟ್ಟುಬಿಟ್ಟ. ಎರಡೂ ತುದಿ ಚೂಪಾಗಿರುವ, ಹುಟ್ಟು ಹಾಕುವ ಸಣ್ಣ ದೋಣಿಯ ಪುಟಕ್ಕೆ ‘ಎಡ್ನಾ ಮೇ’. ಹಾಯಿದೋಣಿಯ ಪುಟಕ್ಕೆ ‘ಪರ್ಲ್ ಆನ್’. ರಿಪೇರಿ ಕೆಲಸದ ಪುಟಕ್ಕೆ ‘ರೂಥಿ’. ಪುಟದ ತಲೆಯ ಮೇಲೂ ಅದೇ, ವಿಳಾಸದಲ್ಲೂ ಅದೇ. ಊರಿನವರಿಗೆ ಇದರಿಂದ ಏನೂ ತೊಡಕಿರಲಿಲ್ಲ. ಎಡ್ನಾ ಮೇ ಅಂದರೆ ನಮ್ಮಮ್ಮ. ನಮ್ಮಮ್ಮನ ಹೆಸರಿನ ದೋಣಿ ಎಂಥದ್ದೆಂದು ಅಂಚೆ ಕಚೇರಿಯಲ್ಲಿ ಕೂರುವ ಲಾಟಿಗೂ ಗೊತ್ತು.

ಆದರೆ ಊರಿನವರು ಮರದ ದೋಣಿ ಕಟ್ಟಿಸುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಲಾಬ್‌ಸ್ಟರ್ ಹಿಡಿಯುವವರೆಲ್ಲ ಫೈಬರ್ ದೋಣಿಗೆ ಹೋಗಿದ್ದರು. ಮರದ್ದೇ ಬೇಕು ಅನ್ನುವವರು ಒಹಾಯೋದಲ್ಲೋ ವರ್ಮಾಂಟಿನಲ್ಲೋ ಕೆರೆಯ ದಂಡೆಯ ಮನೆಯಲ್ಲಿ ಕೂತು ಹುಡುಕುವವರು. ಅವರಿಗೆ ನಮ್ಮಮ್ಮ ಯಾರೆಂದು ಹೇಗೆ ಗೊತ್ತಾಗಬೇಕು?

ಆ ವರ್ಷ ಅಕ್ಟೋಬರ್ ಬಂದರೂ ಚಳಿಗಾಲಕ್ಕೆ ಒಂದು ದೋಣಿ ಕಟ್ಟುವ ಕೆಲಸವೂ ಸಿಗಲಿಲ್ಲ.

“ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿಯೋದ್ರೊಳಗೆ ಯಾರೂ ಬರ್ಲಿಲ್ಲ ಅಂದ್ರೆ ಶೆಡ್ಡಿಗೆ ಬೀಗ,” ಅಂದ ಮರ್ಲ್. “ಹಡಗಿನ ಕಾರ್ಖಾನೆಗೆ ಹೋಗ್ತೀನಿ. ಉಕ್ಕಿಗೆ ಬೆಸುಗೆ ಹಾಕ್ತೀನಿ.”

“ಉಳಿ, ಬಾಣಲೆ ಬಿಟ್ಟು ಬೇರೆ ಲೋಹ ಯಾವತ್ತು ಮುಟ್ಟಿದ್ದೀಯೋ ನೀನು?”

“ಕಲೀತೀನಿ ಕಣೇ ವರ್ನಾ. ಈ ವಯಸ್ಸಲ್ಲಿ ನೀನು ಸ್ಕೂಲಿಗೆ ಹೋಗ್ತಿಲ್ವಾ?”

ಹೋಗುತ್ತಿದ್ದೆ. ಹೈಸ್ಕೂಲಿನಲ್ಲಿ ಮಂಗಳವಾರ ಸಂಜೆ ದೊಡ್ಡವರಿಗೆ ಕಂಪ್ಯೂಟರ್ ತರಗತಿ. ಕಲಿಸುವವಳು ಒಡೆಟ್, ಉತ್ತರದ ಆಲೂಗಡ್ಡೆ ಸೀಮೆಯವಳು, ನಗು ಜೋರು, ಮಾತು ಅದಕ್ಕಿಂತ ಜೋರು. ತಮ್ಮನ ಶೆಡ್ಡಿನ ವಿಷಯ ಹೇಳಿದೆ. ಅವಳು ಕೂತಲ್ಲೇ ‘ಮರದ ಹುಟ್ಟು ದೋಣಿ, ಮೇಯ್ನ್’ ಎಂದು ಹುಡುಕಿದಳು. ಎಷ್ಟು ಕೆಳಗೆ ಹೋದರೂ ನಾವಿಲ್ಲ. ಆಮೇಲೆ ‘ಎಡ್ನಾ ಮೇ’ ಎಂದು ಹುಡುಕಿದಳು.

“ಅಯ್ಯೋ ವರ್ನಾ, ಬರೀ ನಿಧನ ವಾರ್ತೆಗಳು! ಒಬ್ರು ಎಡ್ನಾ ಮೇ ಸೇಬಿನ ಪೈಗೆ ಹೆಸರುವಾಸಿಯಾಗಿದ್ರಂತೆ ನೋಡಿ. ನಿಮ್ಮ ತಮ್ಮ ದೋಣಿ ಮಾರ್ತಾರೋ ಗೋರಿಕಲ್ಲು ಮಾರ್ತಾರೋ?”

“ಹಾಗಾದ್ರೆ ಹೆಸರು ಬದಲಿಸಿದ್ರೆ ಮೇಲೆ ಬರ್ತೀವಾ?”

“ಹೆಸರೊಂದೇ ಎತ್ತಿ ಕೂರಿಸಲ್ಲ. ಒಳಗೆ ಏನು ಬರೆದಿದ್ದೀರಿ ಅನ್ನೋದು ದೊಡ್ಡದು. ಬೇರೆಯವರು ತಮ್ಮ ತಾಣದಲ್ಲಿ ಲಿಂಕ್ ಕೊಟ್ಟು ನಿಮ್ಮ ಪುಟದ ಕಡೆ ಕೈ ತೋರ್ಸಿದ್ದಾರಾ ಅನ್ನೋದೂ ದೊಡ್ಡದು. ಆದ್ರೆ ತಲೆಬರಹದಲ್ಲಿ ಹುಡುಕೋರ ಮಾತೇ ಇದ್ರೆ ಹುಡುಕೋ ಯಂತ್ರಕ್ಕೆ ಗುರುತು ಸಿಗುತ್ತೆ. ವಿಳಾಸದಲ್ಲಿರೋ ಪದದಿಂದ ಒಂಚೂರು ಸಹಾಯ. ಮನುಷ್ಯರಿಗಂತೂ ಎರಡೂ ಬೇಕು. ಏನಿದೆ ಅಂತ ತಿಳೀದೆ ಯಾರು ರೀ ಬಾಗಿಲು ತಟ್ತಾರೆ?”

ಮರುದಿನ ಶೆಡ್ಡಿಗೆ ಹೋಗಿ ಹೇಳಿದೆ. ಮರ್ಲ್ ಉಳಿ ಕೆಳಗಿಟ್ಟ.

“ಹೆಸರು ಬದಲಿಸೋದಾ? ನಿನಗೆ ತಲೆ ಕೆಟ್ಟಿದ್ಯಾ? ನಮ್ಮ ಬಂದರಿನ ಕ್ಲೈಡ್ ತನ್ನ ದೋಣಿ ಹೆಸರು ಬದಲಿಸಿದ್ಮೇಲೆ ಏನಾಯ್ತು?”

“ಕ್ಲೈಡ್ ಕುಡಿದು ದೋಣೀನ ಬಂಡೆಗೆ ಹೊಡೆದ. ಹಳೇ ಹೆಸರಿದ್ದಿದ್ರೂ ಬಂಡೆ ಅಲ್ಲೇ ಇರ್ತಿತ್ತು.”

ಎರಡು ವಾರ ಹೀಗೇ ಎಳೆದಾಡಿದ. ನಾನು ಅವಸರ ಮಾಡಲಿಲ್ಲ. ದಿನಾ ಕಾಫಿ ಒಯ್ಯುತ್ತಿದ್ದೆ, ದಿನಾ ಒಂದೇ ಪ್ರಶ್ನೆ ಕೇಳುತ್ತಿದ್ದೆ: “ಫೋನ್ ಬಂತಾ?” ಕೊನೆಗೆ ಅವನೇ, “ಬದಲಿಸೋದೇ ಆದ್ರೆ ಕ್ರಮವಾಗಿ ಬದಲಿಸ್ಬೇಕು. ಭಾನುವಾರ ನಾನೇ ಮಾಡ್ತೀನಿ. ನೀನು ದೂರ ಇರು,” ಅಂದ.

ಕ್ರಮ ಏನೆಂದು ಇಲ್ಲಿಯ ಮಕ್ಕಳಿಗೂ ಗೊತ್ತು. ಹೊಸ ಹೆಸರು ಬರೆಯುವ ಮೊದಲು ಹಳೆಯದರ ಗುರುತು ಎಲ್ಲೂ ಉಳಿಯಬಾರದು. ಹಿಂಬದಿಯ ಅಕ್ಷರ ಕೆರೆದು ತೆಗೆಯಬೇಕು, ಮುಳುಗುವವರಿಗೆ ಎಸೆಯುವ ತೇಲುಬಳೆಯಿಂದ ಅಳಿಸಬೇಕು, ಬೀಗದ ಕೈಯ ಚೀಟಿಯನ್ನೂ ಬಿಡಬಾರದು. ಆಮೇಲೆ ಸಮುದ್ರಕ್ಕೆ ಒಂದಿಷ್ಟು ರಮ್ ಸುರಿದು ಹೊಸ ಹೆಸರು ಕೂಗಬೇಕು.

ಮರ್ಲ್ ಅಷ್ಟನ್ನೂ ಪುಟಗಳಿಗೆ ಮಾಡಿದ. ಎಡ್ನಾ ಮೇ, ಪರ್ಲ್ ಆನ್, ರೂಥಿ, ಮೂರನ್ನೂ ವಿಳಾಸಸಮೇತ ಬೇರುಸಹಿತ ಕಿತ್ತುಹಾಕಿದ. ಒಳಗಿನ ಬರಹದಲ್ಲಿ ಆ ಹೆಸರಿದ್ದ ಸಾಲುಗಳನ್ನೂ ಅಳಿಸಿದ. ‘ಕೈಯಲ್ಲಿ ಕಟ್ಟಿದ ಮರದ ಹುಟ್ಟು ದೋಣಿ, ಮೇಯ್ನ್’ ಎಂಬಂಥ ಹೊಸ ಹೆಸರುಗಳನ್ನಿಟ್ಟು, ಕಟ್ಟೆಯ ತುದಿಯಲ್ಲಿ ನಿಂತು ರಮ್ ಸುರಿದ. ಮಿಕ್ಕಿದ್ದನ್ನು ಕುಡಿದ. ಒಳ್ಳೆಯ ಹೆಸರುಗಳೇ, ಒಡೆಟ್ ನೋಡಿದ್ದರೂ ಮೆಚ್ಚುತ್ತಿದ್ದಳು.

ಆದರೆ ಮುಂದಿನ ವಾರಗಳಲ್ಲಿ ಪುಟ ನೋಡಲು ಬರುತ್ತಿದ್ದ ನಾಲ್ಕು ಜನರೂ ಬರುವುದನ್ನು ಬಿಟ್ಟರು. ಪೋರ್ಟ್‌ಲ್ಯಾಂಡಿನಿಂದ ಹಳೆಯ ಗಿರಾಕಿಯೊಬ್ಬ ಫೋನ್ ಮಾಡಿ, “ಏನ್ರೀ ಮರ್ಲ್, ಅಂಗಡಿ ಮುಚ್ಚಿಬಿಟ್ರಾ? ನಿಮ್ಮ ಪುಟ ಒತ್ತಿದ್ರೆ ಇಲ್ಲ ಅಂತ ಬರ್ತಿದೆ,” ಅಂದ. ಮರ್ಲ್ ಫೋನ್ ಇಟ್ಟವನೇ ನನ್ನ ಕಡೆ ತಿರುಗಿದ.

“ಕೇಳಿಸ್ತಾ? ಹೇಳಿದ್ನೋ ಇಲ್ವೋ ನಾನು?”

ಅವತ್ತೇ ಹಡಗಿನ ಕಾರ್ಖಾನೆಯ ಮೇಸ್ತ್ರಿಗೆ ಮಾತು ಕೊಟ್ಟ. ಹಬ್ಬದ ಮರು ಸೋಮವಾರದಿಂದ ಕೆಲಸ.

ಒಡೆಟ್ ವಿಷಯ ಕೇಳಿ ಮೇಜಿಗೆ ಹಣೆ ಇಟ್ಟಳು. “ಅಳಿಸಿಬಿಟ್ರಾ? ಪೂರ್ತಿ?” ಆಮೇಲೆ ಇಬ್ಬರೂ ಹುಡುಕುತ್ತ ಕೂತೆವು. ದೋಣಿಪ್ರಿಯರ ಸಂಘವೊಂದು ತನ್ನ ತಾಣದಲ್ಲಿ ಎಡ್ನಾ ಮೇ ಪುಟದ ಕೊಂಡಿ ಹಾಕಿತ್ತು. ಮರ್ಲ್ ಕಟ್ಟಿದ ದೋಣಿಯಲ್ಲಿ ದ್ವೀಪಗಳನ್ನೆಲ್ಲ ಸುತ್ತಿದ ಒಬ್ಬ ಮೇಷ್ಟ್ರು ತನ್ನ ಪ್ರವಾಸದ ಕಥೆಯಲ್ಲಿ ಹಾಕಿದ್ದ. ಇವರೆಲ್ಲ ಇಷ್ಟು ವರ್ಷ ನಮ್ಮ ಕಡೆ ಕೈ ತೋರಿಸುತ್ತಿದ್ದರು, ಅದು ನಮಗೇ ಗೊತ್ತಿರಲಿಲ್ಲ. ಈಗ ಆ ಕೈಗಳೆಲ್ಲ ಖಾಲಿ ಗೋಡೆ ತೋರಿಸುತ್ತಿದ್ದವು.

“ಗಾಬರಿ ಬೇಡ,” ಅಂದಳು ಒಡೆಟ್. “ಹಳೇ ವಿಳಾಸ ಮತ್ತೆ ಹುಟ್ಟಿಸಿ, ಅಲ್ಲಿಗೆ ಬಂದೋರು ತಾನಾಗೇ ಹೊಸದಕ್ಕೆ ಹೋಗೋ ಹಾಗೆ ಮಾಡಿದ್ರಾಯ್ತು. ಖಾಯಂ ಬದಲಾವಣೆ ಅಂತ ಯಂತ್ರಕ್ಕೂ ಹೇಳ್ತೀವಿ. ಹಳೇದಕ್ಕಿದ್ದ ಮರ್ಯಾದೆ ಹೊಸದಕ್ಕೆ ಬರುತ್ತೆ. ಸ್ವಲ್ಪ ದಿನ ಹಿಡಿಯುತ್ತೆ, ಅಷ್ಟೇ.”

ಮರ್ಲ್ ಒಪ್ಪಬೇಕಲ್ಲ. ಹಲಗೆಗಳನ್ನು ಜೋಡಿಸಿಡುತ್ತಿದ್ದವನು ತಲೆ ಎತ್ತದೆಯೇ, “ಹಳೇ ಹೆಸರು ಉಳಿಸ್ಕೊಂಡ್ರೆ ಇನ್ನೂ ಕೇಡು,” ಅಂದ.

“ಅಮ್ಮನ ಮನೆಯಿಂದ ನೀನು ಗುಡ್ಡದ ಮೇಲಿನ ಮನೆಗೆ ಹೋದಾಗ ಅಂಚೆ ಕಚೇರೀಲಿ ಲಾಟಿಗೆ ಏನು ಬರೆದುಕೊಟ್ಟೆ?”

“ಕಾಗದ ಹೊಸ ಮನೆಗೆ ಕಳಿಸು ಅಂತ.”

“ಹಳೇ ಮನೆ ನಂಬರ್ ಕೆರೆದು ಹಾಕಿ, ರಮ್ ಸುರಿದು ಬಂದ್ಯಾ?”

“ಅದು ಮನೆ ಕಣೇ, ದೋಣಿ ಅಲ್ಲ.”

“ಪುಟಾನೂ ದೋಣಿ ಅಲ್ಲ, ಮರ್ಲ್. ಅದು ಸಮುದ್ರಕ್ಕೆ ಹೋಗಲ್ಲ. ಜನ ಅದರ ಹತ್ರ ಬರ್ತಾರೆ.”

ಅವನು ಒಂದು ಹಲಗೆಯ ಮೇಲೆ ಕೈಯಾಡಿಸಿದ. “ಹೂಂ,” ಅಂದ. “ಮಾಡ್ಕೋ. ಹಬ್ಬ ಕಳೆದ್ಮೇಲೆ ನಾನಂತೂ ಇರಲ್ಲ.”

ಅಷ್ಟು ಸಾಕಾಗಿತ್ತು ನನಗೆ. ಒಡೆಟ್ ಪಕ್ಕದಲ್ಲಿ ಕೂತಿದ್ದಳು, ಕೀಲಿಮಣೆಯ ಮೇಲಿನ ಕೈ ನನ್ನದೇ. ಹಳೆಯ ಮೂರು ವಿಳಾಸಗಳೂ ಹೊಸದರ ದಾರಿ ತೋರಿಸತೊಡಗಿದವು. ಅಳಿಸಿದ್ದ ಸಾಲುಗಳನ್ನೂ ಹಿಂದಕ್ಕೆ ತಂದೆ. ಎಡ್ನಾ ಮೇ ಎಂಬುದು ಮೊದಲ ದೋಣಿಯ ಹೆಸರೆಂದು ಬರೆಯುವುದರಲ್ಲಿ ತಪ್ಪೇನಿಲ್ಲ. ಆಮೇಲೆ ದಿನಾ ಬೆಳಿಗ್ಗೆ ಹುಡುಕಿ ನೋಡುತ್ತಿದ್ದೆ. ಮೊದಲು ಎಲ್ಲೂ ಇಲ್ಲ. ಆಮೇಲೆ ಬಹಳ ಕೆಳಗೆ. ಆಮೇಲೆ ಅಷ್ಟೇನೂ ಕೆಳಗಲ್ಲ. ಬರುತ್ತದೆಂದು ನನಗೆ ಗೊತ್ತಿತ್ತು. ಹಬ್ಬದೊಳಗೆ ಬರುತ್ತದೋ ಇಲ್ಲವೋ ಎಂಬುದೊಂದೇ ಗೊತ್ತಿರಲಿಲ್ಲ.

ಹಬ್ಬದ ಟರ್ಕಿ ಕೋಳಿ ಊಟ ಮುಗಿಯಿತು. ಶನಿವಾರ ಮರ್ಲ್ ಶೆಡ್ಡಿನ ಕಿಟಕಿಗಳಿಗೆ ಹಲಗೆ ಹೊಡೆಯುತ್ತಿದ್ದ. ಬಾಯಲ್ಲಿ ಮೊಳೆ ಕಚ್ಚಿಕೊಂಡಿದ್ದರಿಂದ ಫೋನ್ ಬಂದಾಗ ನಾನೇ ಎತ್ತಿದೆ.

“ನಮಸ್ಕಾರ. ನನ್ನ ಹೆಸರು ಹಾರಿಯಟ್, ಒಹಾಯೋದಿಂದ. ಎರಡೂ ತುದಿ ಚೂಪಾಗಿರೋ ಹುಟ್ಟು ದೋಣಿ ಕಟ್ಟೋರು ನೀವೇ ತಾನೆ?”

“ನಾವೇ. ಹೇಗೆ ಸಿಕ್ಕಿದ್ವಿ ನಿಮಗೆ?”

“ಬೇಕಾದ್ದನ್ನ ಬರೆದು ಹುಡುಕಿದೆ. ನೀವು ಮೇಲಿಂದ ನಾಲ್ಕನೆಯವ್ರು. ಆದ್ರೆ ನನಗೆ ಬೇಕಾಗಿದ್ದನ್ನೇ ಹೆಸರಲ್ಲಿ ಹೇಳ್ತಿದ್ದೋರು ನೀವೊಬ್ರೇ, ಅದಕ್ಕೇ ಒತ್ತಿದೆ. ವಸಂತಕ್ಕೆ ಎರಡು ಬೇಕಿತ್ತು. ಒಂದು ನನಗೆ, ಒಂದು ನನ್ನ ತಂಗಿಗೆ. ಒಂದೇ ದೋಣಿಲಿ ಕೂತ್ರೆ ನಾವು ಜಗಳ ಆಡ್ತೀವಿ.”

ಫೋನನ್ನು ಮರ್ಲ್‌ನ ಕಡೆ ಚಾಚಿದೆ. ಅವನು ಮೊಳೆಗಳನ್ನು ಅಂಗೈಗೆ ಉಗಿದ.

“ನಿಮ್ಮ ಕೆರೆ ಎಷ್ಟು ಆಳ?” ಎಂದು ಕೇಳಿದ. “ಗಾಳಿ ಯಾವ ಕಡೆಯಿಂದ? ಹುಟ್ಟು ಹಾಕೋರ ತೋಳು ಎಷ್ಟುದ್ದ? ನಿಮ್ಮ ತಂಗೀದೂ ಹೇಳಿ.” ಅರ್ಧ ಗಂಟೆ ಮಾತಾಡಿದ. ಅಷ್ಟು ಹೊತ್ತು ಅವನು ಯಾರೊಂದಿಗೂ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

ಆಮೇಲೆ ಕಾರ್ಖಾನೆಯ ಮೇಸ್ತ್ರಿಗೆ ಫೋನ್ ಮಾಡಿದ. “ಸೋಮವಾರ ಬರಲ್ಲಪ್ಪ. ಇಲ್ಲ, ಹುಷಾರಾಗೇ ಇದ್ದೀನಿ. ಕೆಲಸ ಬಂದಿದೆ.”

ಫೋನ್ ಇಟ್ಟು, ಸುತ್ತಿಗೆ ತಿರುಗಿಸಿ ಹಿಡಿದು, ಆಗಷ್ಟೇ ಹೊಡೆದ ಕಿಟಕಿಯ ಹಲಗೆ ಕೀಳತೊಡಗಿದ.

“ನೋಡ್ತಾ ನಿಂತಿದ್ದೀಯಲ್ಲ, ಈ ತುದಿ ಹಿಡ್ಕೋ ವರ್ನಾ,” ಅಂದ. “ದೋಣಿಯ ಪಕ್ಕೆಲುಬಿನ ಮರ ಬಗ್ಗಿಸೋಕೆ ಬೆಳಕು ಬೇಕು.”