ಪವಿತ್ರಳ ಕೈಗುಣ

ತಿಪಟೂರಿನ ಕೊಬ್ಬರಿ ಮಂಡಿಗಳ ಹಿಂದಿನ ಬೀದಿಯಲ್ಲಿ ದಯಾನಂದನ ವಿಡಿಯೋ ಸ್ಟುಡಿಯೋ ಇತ್ತು. ಕ್ಯಾಮೆರಾ ಹಿಡಿಯುವುದರಲ್ಲಿ ಅವನದು ಪಳಗಿದ ಕೈ. ಹಿಡಿದದ್ದನ್ನು ಕತ್ತರಿಸಿ, ಜೋಡಿಸಿ, ಮದುವೆಯ ಸಿ.ಡಿ. ಮಾಡುವುದಕ್ಕೆ ಮಾತ್ರ ಅವನಿಗೆ ತಾಳ್ಮೆ ಸಾಲದು. ಟೇಪುಗಳನ್ನು ತುಮಕೂರಿನ ಎಡಿಟಿಂಗಿನವರಿಗೆ ಕಳಿಸಿ, ಅವರು ಕೊಟ್ಟಾಗ ಕೊಡಲಿ ಎಂದು ಕಾಯುತ್ತಿದ್ದ. ಮದುವೆಯಾದ ಹುಡುಗಿ ಬಾಣಂತನಕ್ಕೆ ಬಂದರೂ ಸಿ.ಡಿ. ಬರಲಿಲ್ಲವೆಂದು ಜನ ಆಡಿಕೊಂಡಿದ್ದೂ ಉಂಟು.

ಬಿ.ಕಾಂ. ಮುಗಿಸಿ ಬಿಳಿಗೆರೆಯ ಮನೆಯಲ್ಲೇ ಇದ್ದ ತಂಗಿ ಪವಿತ್ರ ಒಂದು ದಿನ ಅವನಿಗೆ ಬುತ್ತಿ ತಂದವಳು, ಗೋಡೆಯ ಪಕ್ಕದ ಹಳೆಯ ಕಂಪ್ಯೂಟರಿನ ಮುಂದೆ ಕುಳಿತು, "ನಾನೇ ಕಲ್ತುಕೊಂಡು ಮಾಡ್ಲಾ ಅಣ್ಣ?" ಎಂದಳು. ದಯಾನಂದ ನಕ್ಕು ಸುಮ್ಮನಾದ. ಅವಳು ಸುಮ್ಮನಾಗಲಿಲ್ಲ. ಮಳೆಗಾಲದಲ್ಲಿ ಮದುವೆಗಳು ಕಡಿಮೆಯಿದ್ದಾಗ ದಿನವೂ ಬಸ್ಸಿನಲ್ಲಿ ಬಂದು ಕುಳಿತು, ತಪ್ಪು ಮಾಡಿ, ಅಳಿಸಿ, ಮತ್ತೆ ಮಾಡಿ ಕಲಿತಳು. ಶ್ರಾವಣದ ಹೊತ್ತಿಗೆ ಅವಳು ಮಾಡಿದ ಮೊದಲ ಸಿ.ಡಿ. ಹೊರಗೆ ಹೋಯಿತು.

ತುಮಕೂರಿನವರು ಮಾಡಿದ ಸಿ.ಡಿ.ಗಳಲ್ಲಿ ವಧುವರರ ಸುತ್ತ ಗುಲಾಬಿ ಹೂ ತಿರುಗುತ್ತಿದ್ದವು, ಪಾರಿವಾಳಗಳು ಹಾರುತ್ತಿದ್ದವು. ಪವಿತ್ರ ಅವನ್ನೆಲ್ಲ ತೆಗೆದುಬಿಟ್ಟಳು. ಚಪ್ಪರದ ಮೂಲೆಯಲ್ಲಿ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಳ್ಳುವ ಅಜ್ಜಿ, ಎಲೆ ಹಾಕುವ ಗಡಿಬಿಡಿಯಲ್ಲಿ ಬೆವರುತ್ತಿರುವ ಸೋದರಮಾವ, ದಿಬ್ಬಣದ ವ್ಯಾನು ಹೊರಟ ಮೇಲೂ ರಸ್ತೆಯನ್ನೇ ನೋಡುತ್ತ ನಿಂತ ತಾಯಿ, ಇಂಥವನ್ನು ಆರಿಸಿ ಆರಿಸಿ ಇಡುತ್ತಿದ್ದಳು. ಕೊನೆಗೆ ಊರೂರುಗಳಿಂದ ಬಂದವರು, "ಆ ಹುಡುಗಿ ಕೈಲೇ ಮಾಡ್ಸಿ ಸಾರ್" ಎಂದು ಕೇಳತೊಡಗಿದರು. "ನಿನ್ನ ಕೈಗುಣ ಚೆನ್ನಾಗೈತೆ ಕಣೇ" ಎಂದು ತಾಯಿ ಗುರುಸಿದ್ದಮ್ಮ ಮಗಳ ತಲೆ ಸವರಿದರು. ದಯಾನಂದನಿಗೆ ಹೆಮ್ಮೆಯಾಯಿತು. ಹೆಮ್ಮೆಯ ಒಳಗೆ ಎಲ್ಲೋ ಸಣ್ಣದೊಂದು ಮುಳ್ಳೂ ಇತ್ತು; ತಾನು ಬಿಸಿಲಲ್ಲಿ ನಿಂತು ತೆಗೆದದ್ದಕ್ಕೆ ಹೆಸರು ಅವಳದಾಗುತ್ತಿದೆಯಲ್ಲ ಎಂದು. ಅದನ್ನು ಅವನು ಯಾರಿಗೂ ಹೇಳಲಿಲ್ಲ, ತನಗೆ ತಾನೇ ಹೇಳಿಕೊಳ್ಳಲೂ ಇಲ್ಲ.

ಎರಡು ಸಾವಿರದ ಎಂಟರಲ್ಲಿ ಹಳೆಯ ಕಂಪ್ಯೂಟರು ಕೈಕೊಟ್ಟಾಗ, ಬೆಂಗಳೂರಿನಲ್ಲಿ ಯಾರೋ ಆಡಿ ಬಿಟ್ಟ ಗೇಮಿಂಗ್ ಲ್ಯಾಪ್‌ಟಾಪೊಂದು ದಯಾನಂದನಿಗೆ ಸಿಕ್ಕಿತು. ಹೊತ್ತರೆ ಹೆಗಲು ನೋಯುವಷ್ಟು ಭಾರ. ಅದರ ಚಾರ್ಜರಂತೂ ಇಟ್ಟಿಗೆಯಂತಿತ್ತು. ಆದರೆ ತುಮಕೂರಿನಲ್ಲೂ ಅಂಥ ಮೆಷಿನ್ ಇಲ್ಲವೆಂದು ಅವನು ಎಲ್ಲರಿಗೂ ಹೇಳಿಕೊಂಡ. ಹಳೆಯದರಲ್ಲಿ ಇಡೀ ದಿನ ಹಿಡಿಯುತ್ತಿದ್ದ ಕೆಲಸ ಇದರಲ್ಲಿ ಊಟ ಮಾಡಿ ಬರುವಷ್ಟರಲ್ಲಿ ಮುಗಿಯುತ್ತಿತ್ತು. ಕರೆಂಟು ಹೋದರೂ ಬ್ಯಾಟರಿ ಒಂದಷ್ಟು ಹೊತ್ತು ಎಳೆಯುತ್ತಿತ್ತು.

ಮಾಘಮಾಸದಲ್ಲಿ ಚಿಕ್ಕನಾಯಕನಹಳ್ಳಿಯ ಕಲ್ಯಾಣ ಮಂಟಪವೊಂದಕ್ಕೆ ಲ್ಯಾಪ್‌ಟಾಪ್ ಒಯ್ದಿದ್ದಾಗ ಆ ಚಾರ್ಜರು ಕಳೆದುಹೋಯಿತು. ಮಾರನೆಯ ದಿನ ಹುಡುಕಿಕೊಂಡು ಹೋದರೆ ಮಂಟಪ ಗುಡಿಸಿ ತೊಳೆದಾಗಿತ್ತು. ದಯಾನಂದ ನೇರ ರಯೀಸನ ಅಂಗಡಿಗೆ ಬಂದ. ರಯೀಸ್ ಮೊಬೈಲು, ಕಂಪ್ಯೂಟರು ರಿಪೇರಿ ಮಾಡುವವನು, ಇಬ್ಬರೂ ಹೈಸ್ಕೂಲಿನಿಂದ ಸ್ನೇಹಿತರು. ರಯೀಸ್ ಒಂದು ಚಾರ್ಜರು ಹುಡುಕಿ ಕೊಟ್ಟ.

"ಪಿನ್ನು ಕೂರ್ತದೆ, ಓಡ್ತದೆ. ಆದ್ರೆ ಇದು ಮಾಮೂಲಿ ಲ್ಯಾಪ್‌ಟಾಪಿಂದು ಕಣ್ಲಾ. ನಿಂದು ಕೇಳೋ ವ್ಯಾಟ್ಸಲ್ಲಿ ಅರ್ಧ ಕೊಡ್ತದೆ ಅಷ್ಟೇ. ಸದ್ಯಕ್ಕೆ ಇಟ್ಕೋ. ಸರಿಯಾದ್ದು ತರಿಸ್ತೀನಿ, ಬಂದ್ ತಗೊಂಡೋಗು."

"ಓಡಿದ್ರೆ ಸಾಕು ಬುಡು" ಎಂದ ದಯಾನಂದ.

ಓಡಿತು. ಆನ್ ಮಾಡಿದ ಕೂಡಲೇ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು ಬರುತ್ತಿದ್ದವು: ಈ ಚಾರ್ಜರಿನ ಶಕ್ತಿ ಸಾಲದು, ಮೆಷಿನ್ನು ನಿಧಾನವಾಗಬಹುದು, ಬ್ಯಾಟರಿ ತುಂಬದೇ ಇರಬಹುದು, ಮುಂದುವರಿಯಲು ಯಾವುದಾದರೂ ಕೀ ಒತ್ತಿ. ಬೆಳಿಗ್ಗೆ ಅಂಗಡಿ ತೆರೆದು, ಊದುಬತ್ತಿ ಹಚ್ಚಿ, ಲ್ಯಾಪ್‌ಟಾಪ್ ಆನ್ ಮಾಡುವವನು ದಯಾನಂದನೇ. ಅವನು ಕೀ ಒತ್ತುತ್ತಿದ್ದ. ಬಿಳಿಗೆರೆಯ ಬಸ್ಸು ಇಳಿದು ಪವಿತ್ರ ಬರುವ ಹೊತ್ತಿಗೆ ಆ ಸಾಲುಗಳು ಹೋಗಿರುತ್ತಿದ್ದವು. ಅವಳಿಗೆ ಹೇಳಬೇಕೆಂದು ಅವನಿಗೆ ಅನ್ನಿಸಲಿಲ್ಲ. ಲಗ್ನಗಳು ಒಂದರ ಮೇಲೊಂದು ಬಂದವು. ಸರಿಯಾದ ಚಾರ್ಜರು ಬಂದಿದೆಯೆಂದು ರಯೀಸ್ ಹೇಳಿಕಳಿಸಿದಾಗಲೂ, "ಈಗಿರೋದೇ ಓಡ್ತೈತೆ, ಸೀಸನ್ ಮುಗೀಲಿ, ಬತ್ತೀನಿ" ಎಂದುಬಿಟ್ಟ.

ಪವಿತ್ರ ಮಾತ್ರ ಗಮನಿಸಿದ್ದಳು.

"ಅಣ್ಣ, ವಯರು ಚುಚ್ಚೇ ಐತೆ, ಆದ್ರೂ ಬ್ಯಾಟರಿ ಇಳೀತೈತೆ ಕಣೋ. ಕೆಲ್ಸ ಜೋರು ಕೊಟ್ರೆ ಇಳಿಯುತ್ತೆ, ಸುಮ್ನಿದ್ರೆ ಏರುತ್ತೆ. ಮೊದ್ಲಿನಷ್ಟು ಸ್ಪೀಡೂ ಇಲ್ಲ."

"ನೀನು ಒಟ್ಟಿಗೇ ಹತ್ತು ತೆಗೆದಿಟ್ಕೋತೀಯ. ಹಾಡು ಬೇರೆ ಹಾಕ್ಕೋತೀಯ. ಇನ್ನೇನಾಯ್ತದೆ?"

ಅವಳು ಹಾಡು ಹಾಕಿಕೊಳ್ಳುವುದನ್ನು ಬಿಟ್ಟಳು. ಬ್ಯಾಟರಿ ಇಳಿಯುವುದು ನಿಲ್ಲಲಿಲ್ಲ. ಇಳಿದಾಗ ಕೆಲಸ ನಿಲ್ಲಿಸಿ, ಅದು ತುಂಬುವವರೆಗೆ ಕೈಕಟ್ಟಿ ಕಾಯುವಳು. ಅದನ್ನು ಕಂಡು ದಯಾನಂದನಿಗೆ ಸಿಟ್ಟು ಬರುತ್ತಿತ್ತು. ಮೆಷಿನ್ನನ್ನು ಬೇಕೆಂದೇ ಸುಮ್ಮನೆ ಕೂರಿಸಿದ್ದಾಳೆಂದು ಗೊಣಗುತ್ತಿದ್ದ.

ಆ ವೈಶಾಖದಲ್ಲಿ ತುರುವೇಕೆರೆಯ ಏಕಾಂತಯ್ಯನವರ ಮಗಳ ಮದುವೆ. ಏಕಾಂತಯ್ಯನವರೆಂದರೆ ಆ ಕಡೆಯ ದೊಡ್ಡ ಕೊಬ್ಬರಿ ವರ್ತಕರು. ಅವರ ಮನೆಯ ಕೆಲಸ ಸಿಕ್ಕಿದರೆ ಅವರ ನಂಟರೆಲ್ಲ ತನ್ನ ಕಡೆ ತಿರುಗುತ್ತಾರೆಂದು ದಯಾನಂದ ಲೆಕ್ಕ ಹಾಕಿದ್ದ. ಚೆನ್ನಾಗಿ ತೆಗೆದ. ಪವಿತ್ರ ಇಡೀ ಮದುವೆಯನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಜೋಡಿಸತೊಡಗಿದಳು. ಇಳಿಸಿಕೊಂಡಾಯಿತಲ್ಲ ಎಂದು ದಯಾನಂದ ಧಾರೆಯ ಟೇಪನ್ನೇ ಮುಂದಿನ ಮದುವೆಗೆ ಕ್ಯಾಮೆರಾಕ್ಕೆ ಹಾಕಿಕೊಂಡ.

ಮರುದಿನ ಏಕಾಂತಯ್ಯನವರು ಬರುವವರಿದ್ದರು. ಅಂದು ಬ್ಯಾಟರಿ ತುಂಬುವವರೆಗೆ ಕಾಯಲು ದಯಾನಂದ ಬಿಡಲಿಲ್ಲ. "ಸಂಜೆಯೊಳಗೆ ಮುಗಿಸೇ. ಕರೆಂಟಿದೆ, ವಯರಿದೆ, ಇನ್ನೇನು ಬೇಕು?" ಎಂದ. ಅವಳು ಮೆಷಿನ್ನನ್ನು ಕೆಲಸಕ್ಕೆ ಹಚ್ಚಿದಳು. ಫ್ಯಾನು ಮಿಕ್ಸಿಯಂತೆ ಕೂಗತೊಡಗಿತು, ಚಾರ್ಜರು ಮುಟ್ಟಲಾಗದಷ್ಟು ಕಾಯಿತು. ನಡುಮಧ್ಯಾಹ್ನ ಬ್ಯಾಟರಿ ಪೂರಾ ಇಳಿದು ಪರದೆ ಒಮ್ಮೆಗೇ ಕಪ್ಪಾಯಿತು. ಮತ್ತೆ ಆನ್ ಮಾಡಿದರೆ, ಅರ್ಧದಲ್ಲಿ ನಿಂತ ಕೆಲಸದ ಜೊತೆಗೆ ಇಳಿಸಿಕೊಂಡಿದ್ದ ಮದುವೆಯೂ ತೆರೆಯಲಿಲ್ಲ. ಉಳಿದ ಟೇಪುಗಳಿದ್ದವು. ಧಾರೆ ಇರಲಿಲ್ಲ; ಆ ಟೇಪಿನ ಮೇಲೆ ಬೇರೆ ಮದುವೆ ಕೂತಿತ್ತು.

ಬೆಳಿಗ್ಗೆ ಏಕಾಂತಯ್ಯನವರು ಬೀಗರನ್ನೂ ಕರೆದುಕೊಂಡು ಬಂದರು. ಧಾರೆಯ ಭಾಗ ಇಲ್ಲವೆಂದು ತಿಳಿದಾಗ ಅವರು ಕೂಗಾಡಲಿಲ್ಲ. ಕುರ್ಚಿಯಲ್ಲಿ ಕುಳಿತು, "ಎಂಗಾಯ್ತಪ್ಪ ಇದು?" ಎಂದು ಕೇಳಿದರು. ಬೀಗರು ನಿಂತಿದ್ದರು, ಪಕ್ಕದ ಅಂಗಡಿಯವರು ಬಾಗಿಲಲ್ಲಿ ಇಣುಕುತ್ತಿದ್ದರು. ದಯಾನಂದನ ಕೈ ತಾನಾಗಿ ಪವಿತ್ರಳ ಕಡೆಗೆ ಚಾಚಿತು.

"ಇವಳು ಮಾಡಿದ್ದು ಸಾರ್. ಮೆಷಿನ್ನು ಚೆನ್ನಾಗೇ ಇತ್ತು. ಇವಳ ಕೈಗೆ ಕೊಟ್ಟಿದ್ದೇ ನನ್ನ ತಪ್ಪು. ಮುಟ್ಟಿದ್ದೆಲ್ಲ ಹಾಳು ಮಾಡ್ತಾಳೆ."

ಪವಿತ್ರ ತಲೆಯೆತ್ತಿ ಅಣ್ಣನನ್ನು ನೋಡಿದಳು. ಅವರೆಲ್ಲ ಹೋದ ಮೇಲೆ ಮೇಜು ಒರೆಸಿ, ಬುತ್ತಿಯ ಡಬ್ಬಿ ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆಗೆ ನಡೆದಳು. ಮಾರನೆಯ ದಿನ ಬರಲಿಲ್ಲ. ಆಮೇಲೂ ಬರಲಿಲ್ಲ. ಕರೆಯಬೇಕೆಂದು ಒಂದೆರಡು ಸಲ ಅನ್ನಿಸಿದರೂ, ತಾನಾಗಿ ಬರಲಿ ಎಂದು ದಯಾನಂದ ಬಿಗುಮಾನ ಮಾಡಿದ. ಕಾರ್ತಿಕದಲ್ಲಿ ಸಂಪಿಗೆ ಊರಿನ ಮೋಹನನೊಂದಿಗೆ ಅವಳ ಮದುವೆಯಾಯಿತು. ಮೋಹನ್ ತೆಂಗಿನ ತೋಟ ಮಾಡಿಕೊಂಡಿದ್ದ ಒಳ್ಳೆಯ ಹುಡುಗ. ಆ ಮದುವೆಯನ್ನು ತೆಗೆದವನು ದಯಾನಂದನೇ, ಸಿ.ಡಿ. ತುಮಕೂರಿನಲ್ಲಿ ಆಯಿತು. ತಂಗಿಯ ತಲೆಯ ಮೇಲೂ ಪಾರಿವಾಳಗಳು ಹಾರಿದವು.

ಮುಂದಿನ ವರ್ಷ ರಯೀಸ್ ಅಂಗಡಿಗೆ ಬಣ್ಣ ಹೊಡೆಸುವಾಗ ಅಟ್ಟದಿಂದ ಒಂದು ಡಬ್ಬ ತೆಗೆದುಕೊಂಡು ಸ್ಟುಡಿಯೋಗೆ ಬಂದ.

"ನೀನು ಬರ್ತೀನಿ ಬರ್ತೀನಿ ಅಂದೆ, ಬರ್ಲೇ ಇಲ್ಲ. ನಿಂದೇ ಇದು."

ಲ್ಯಾಪ್‌ಟಾಪು ಆಗ ಮೂಲೆ ಸೇರಿತ್ತು, ಬರೀ ಫೋಟೋ ನೋಡುವುದಕ್ಕೆ ಬಳಕೆಯಾಗುತ್ತಿತ್ತು. ಸುಮ್ಮನೆ ಚುಚ್ಚಿ ನೋಡಿದರು. ಆನ್ ಮಾಡಿದಾಗ ಆ ಎರಡು ಸಾಲು ಬರಲಿಲ್ಲ. ದಯಾನಂದ ಹಳೆಯ ಟೇಪೊಂದನ್ನು ಇಳಿಸಿ ಕೆಲಸಕ್ಕೆ ಹಚ್ಚಿದ. ಫ್ಯಾನು ಕೂಗಿತು, ಆದರೆ ಬ್ಯಾಟರಿಯ ಗುರುತು ಕೆಳಗಿಳಿಯಲಿಲ್ಲ. ಊಟದ ಹೊತ್ತಿಗೆ ಕೆಲಸ ಮುಗಿದಿತ್ತು.

"ನೋಡ್ದಾ, ಮೆಷಿನ್ನಿಗೆ ಏನೂ ಆಗಿಲ್ಲ" ಎಂದ ರಯೀಸ್ ಖುಷಿಯಿಂದ. ಅಂದು ದಯಾನಂದ ಊಟ ಮಾಡಲಿಲ್ಲ.

ಸಂಪಿಗೆಗೆ ಹೋಗಲು ಅವನಿಗೆ ಧೈರ್ಯ ಬರುವಷ್ಟರಲ್ಲಿ ಕೆಲವು ವಾರ ಕಳೆದವು. ಹೋದಾಗ ಪವಿತ್ರ ಅಂಗಳದಲ್ಲಿ ಕೊಬ್ಬರಿಯ ಹೋಳುಗಳನ್ನು ಬಿಸಿಲಿಗೆ ಹರಡುತ್ತಿದ್ದಳು. ಕಾಲಿಗೆ ನೀರು ಕೊಟ್ಟಳು, ಕಾಫಿ ಕೊಟ್ಟಳು. ಮೋಹನನೇ ಮಾತು ತೆಗೆದ.

"ಭಾವ, ನೀವಾದ್ರೂ ಹೇಳಿ ಇವಳಿಗೆ. ಹಾಲಿನ ಡೈರಿಗೆ ಕಂಪ್ಯೂಟರ್ ಬಂದೈತೆ, ಗೊತ್ತಿರೋರು ಬೇಕು ಅಂತ ಮನೆಗೇ ಬಂದು ಕೇಳಿದ್ರು. ಇವಳು ಒಪ್ಲಿಲ್ಲ. ನಾನು ಮುಟ್ಟಿದ್ರೆ ಕೆಟ್ಟೋಯ್ತದೆ ಅಂತಾಳೆ. ನನ್ನ ಮೊಬೈಲೂ ಮುಟ್ಟಲ್ಲ."

ದಯಾನಂದ ಲೋಟ ಕೆಳಗಿಟ್ಟು ಎಲ್ಲವನ್ನೂ ಹೇಳಿದ: ಚಾರ್ಜರಿನ ಶಕ್ತಿ ಸಾಲದಾಗಿತ್ತು, ರಯೀಸ್ ಹೇಳಿದ್ದ, ದಿನಾ ಬೆಳಿಗ್ಗೆ ಪರದೆಯ ಮೇಲೂ ಬರುತ್ತಿತ್ತು, ಕೀ ಒತ್ತಿ ಅದನ್ನು ಕಳಿಸುತ್ತಿದ್ದವನು ತಾನೇ. ಧಾರೆಯ ಟೇಪನ್ನು ಅಳಿಸಿದವನೂ ತಾನೇ.

ಪವಿತ್ರ ಕೈಯಲ್ಲಿದ್ದ ಹೋಳನ್ನು ಕೆಳಗಿಡದೆ ಕೇಳಿಸಿಕೊಂಡಳು.

"ನಾನು ಎಷ್ಟು ಸಲ ನೆನೆಸ್ಕೊಂಡಿದೀನಿ ಗೊತ್ತಾ? ಅವತ್ತು ಯಾವ ಬಟನ್ ತಪ್ಪು ಒತ್ತಿದ್ನೋ ಅಂತ" ಎಂದಳು. ಹೋಳನ್ನು ಬಿಸಿಲಿಗಿಟ್ಟಳು. "ಅವತ್ತು ಬೀಗರ ಮುಂದೆ, ಬೀದಿ ಮುಂದೆ ಹೇಳ್ದೆ. ಇವತ್ತು ಸಂಪಿಗೆಗೆ ಬಂದು ಅಂಗಳದಲ್ಲಿ ಹೇಳ್ತಿದೀಯ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಹಿಂದಿರುಗುವಾಗ ದಯಾನಂದ ತುರುವೇಕೆರೆಯಲ್ಲೇ ಬಸ್ಸಿಳಿದು ಏಕಾಂತಯ್ಯನವರ ಮಂಡಿಗೆ ಹೋದ. ಕೂಲಿಯವರು ಚೀಲ ಹೊಲಿಯುತ್ತಿದ್ದರು, ನಾಲ್ಕು ಜನ ವರ್ತಕರು ಕುಳಿತಿದ್ದರು. ಅವರೆಲ್ಲರ ಎದುರಿಗೇ, ನಿಂತುಕೊಂಡೇ ಹೇಳಿದ. ಏಕಾಂತಯ್ಯನವರು ಕನ್ನಡಕ ತೆಗೆದು ಅವನನ್ನು ನೋಡಿದರು.

"ಅದನ್ನ ಹೇಳಕ್ಕೆ ಬಂದ್ಯಾ? ನಾನು ಆ ಹುಡುಗೀನ ಯಾವತ್ತು ಅಂದೆ ಕಣಪ್ಪ? ಅಂಗಡಿ ನಿಂದು, ಮಾತಾಡಿದ್ದು ನಿನ್ ಹತ್ರ. ಅವತ್ತು ದಾರೀಲೇ ನಮ್ಮ ಬೀಗ್ರು ಅಂದ್ರು, ಏನ್ ಮನುಷ್ಯ ಇವ್ನು, ತಂಗೀನ ಮುಂದಕ್ಕೆ ನೂಕ್ದ ಅಂತ."

ದಯಾನಂದ ಆ ಮಾತನ್ನೂ ಪವಿತ್ರಳಿಗೆ ಮುಟ್ಟಿಸಿದ. ಫೋನಿನಲ್ಲಿ ಹೇಳುವುದು ಬೇಡವೆಂದು ಮತ್ತೊಂದು ಭಾನುವಾರ ಸಂಪಿಗೆಗೆ ಹೋಗಿಯೇ ಹೇಳಿದ. ಅವಳು ಬಾಗಿಲ ಕಂಬಕ್ಕೆ ಒರಗಿ ನಿಂತು ಕೇಳಿದಳು. "ಅಷ್ಟು ಅವತ್ತೇ ಗೊತ್ತಾಗಿದ್ರೆ ಸಾಕಿತ್ತು" ಎಂದು ಒಳಗೆ ಹೋದಳು. ಡೈರಿಯ ಕೆಲಸಕ್ಕೆ ಅಷ್ಟರಲ್ಲಿ ಬೇರೆ ಹುಡುಗಿ ಬಂದಾಗಿತ್ತು. ಸ್ಟುಡಿಯೋಗೆ ಬಾರೆಂದು ಅವನು ಕರೆದ. ಬೇಕಾದರೆ ಲ್ಯಾಪ್‌ಟಾಪನ್ನೇ ಇಲ್ಲಿ ತಂದಿಡುತ್ತೇನೆಂದ. "ಊಟ ಆರೋಯ್ತದೆ, ಏಳು ಅಣ್ಣ" ಎಂದಳು. ಹಬ್ಬಹರಿದಿನಕ್ಕೆ ತವರಿಗೆ ಬಂದಾಗ ಅವಳು ನಗುನಗುತ್ತಲೇ ಮಾತನಾಡಿಸುವಳು. ಸ್ಟುಡಿಯೋ ಇರುವ ಬೀದಿಗೆ ಮಾತ್ರ ಕಾಲಿಡಲಿಲ್ಲ.

ಈಗಲೂ ಒಮ್ಮೊಮ್ಮೆ ಹಳ್ಳಿಗಳ ಕಡೆಯಿಂದ ಬಂದವರು, ಅಕ್ಕನ ಮದುವೆಯದೋ ಅತ್ತಿಗೆಯ ಮದುವೆಯದೋ ಹಳೆಯ ಸಿ.ಡಿ. ತೋರಿಸಿ, "ಇಂಥದ್ದೇ ಬೇಕು. ಆ ಹುಡುಗಿ ಇಲ್ವಾ ಸಾರ್?" ಎಂದು ಕೇಳುತ್ತಾರೆ. ಮೊದಲೆಲ್ಲ ದಯಾನಂದ, "ಮದುವೆಯಾಗಿ ಹೋದ್ಲು" ಎನ್ನುತ್ತಿದ್ದ. ಈಗ ಹಾಗೆನ್ನುವುದಿಲ್ಲ. "ನನ್ನಿಂದ್ಲೇ ಕೆಲ್ಸ ಬಿಟ್ಬಿಟ್ಲು" ಎನ್ನುತ್ತಾನೆ. ಕೇಳಿದವರು ಮೇಜಿನ ಮೇಲಿನ ಆಲ್ಬಮ್ಮಿನ ಹಾಳೆ ತಿರುವುತ್ತಾರೆ. ಅವನು ಲಗ್ನದ ತಾರೀಖು ಕೇಳುತ್ತಾನೆ.