ಗುಬ್ಬಿಯನ್ನು ಕಳಿಸುವುದಿಲ್ಲ

ಊರಿನವರು ಅವಳನ್ನು ಮೊಂಡಿ ಎಂದು ಕರೆಯುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ, ಒದೆಯುವ ಹಸುವೊಂದರ ಪಕ್ಕ ಮತ್ತೆ ಮತ್ತೆ ಹೋಗಿ ಕೂತು, ಕೊನೆಗೂ ಹಾಲು ಕರೆದೇ ಎದ್ದಿದ್ದಕ್ಕೆ ಅಂಟಿಕೊಂಡ ಹೆಸರು. ಹಸುವಿನ ಮುಂದಿನ ಆ ಮೊಂಡುತನ ಮನುಷ್ಯರ ಮುಂದೆ ನಡೆಯುತ್ತಿರಲಿಲ್ಲ. ಅಮ್ಮಾವ್ರ ಮುಂದಂತೂ ಅವಳು ತುಟಿಪಿಟಕ್ಕೆನ್ನುತ್ತಿರಲಿಲ್ಲ.

ಅಮ್ಮಾವ್ರು ಎಂದರೆ ಊರಿನ ದೊಡ್ಡ ಕೊಟ್ಟಿಗೆಯ ಒಡತಿ. ಬೆಳಕು ಹರಿಯುವ ಮುಂಚೆ ಹೋಗಿ ಹಾಲು ಕರೆದು, ಸಗಣಿ ಬಾಚಿ, ನೆಲ ತೊಳೆದರೆ ಸಂಜೆ ಒಂದಿಷ್ಟು ಹಿಟ್ಟು, ಒಂದು ಚೊಂಬು ಹಾಲು, ಕೈಗೆ ಪುಡಿಕಾಸು. ಅಂದಿನ ಹಿಟ್ಟು ಅಂದೇ ಖಾಲಿ. ಮೊಂಡಿಯ ಗಂಡ ಬಾವಿ ತೋಡುವವನು. ಮಣ್ಣು ಕುಸಿದು ಸೊಂಟಕ್ಕೆ ಪೆಟ್ಟಾದ ಮೇಲೆ ಮನೆಯಲ್ಲೇ ಕೂತು ಬುಟ್ಟಿ ಹೆಣೆಯುತ್ತಿದ್ದ. ಹೊಗಳುವವರು ಬಹಳ ಇದ್ದರು, ಕೊಳ್ಳುವವರು ಇರಲಿಲ್ಲ. ಅತ್ತೆಗೆ ಕಾಲು ಸೋತಿದ್ದವು, ಬಾಯಿ ಸೋತಿರಲಿಲ್ಲ. ಶಾಲೆಗೆ ಹೋಗುವ ಮಗಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು.

ಒಂದು ದಿನ ಅಮ್ಮಾವ್ರು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಹೇಳಿದರು: "ಪಟ್ಟಣದಲ್ಲಿ ನಮ್ಮ ಮಗಳಿಗೆ ಎರಡನೇ ಮಗು ಆಗಿದೆ. ಎತ್ತಿ ಆಡಿಸೋಕೆ ಒಬ್ಬರು ಬೇಕು. ಗುಬ್ಬೀನ ಕಳ್ಸು. ಶಾಲೆಗೆ ರಜ ಬಂದ ಕೂಡ್ಲೇ ಕಾರು ಕಳಿಸ್ತಾರೆ, ಆಮೇಲೆ ಅಲ್ಲೇ ಇರ್ತಾಳೆ. ಊಟ ಬಟ್ಟೆ ಎಲ್ಲಾ ಅವ್ರದ್ದೇ. ನಿನಗೂ ಒಂದು ಹೊಟ್ಟೆ ಹಗುರಾಗುತ್ತೆ."

ಅಮ್ಮಾವ್ರು ಕೆಟ್ಟವರಲ್ಲ. ಗುಬ್ಬಿಗೆ ಜ್ವರ ಬಂದಾಗ ಔಷಧಿ ತರಿಸಿಕೊಟ್ಟಿದ್ದರು. ಅದು ಮೊಂಡಿಗೆ ನೆನಪಿತ್ತು, ಅಮ್ಮಾವ್ರಿಗೂ ನೆನಪಿತ್ತು. "ಹೂಂ ಅಮ್ಮಾವ್ರೇ" ಎಂದು ಮೊಂಡಿ ಹಾಲಿನ ಬಕೆಟ್ಟು ಎತ್ತಿಕೊಂಡಳು.

ಮನೆಯಲ್ಲಿ ವಿಷಯ ಹೇಳಿದಾಗ ಗಂಡ ತಲೆ ಎತ್ತಲಿಲ್ಲ. ಹೆಣೆದ ಸಾಲನ್ನೇ ಬಿಚ್ಚಿ ಮತ್ತೆ ಹೆಣೆಯತೊಡಗಿದ. ಗುಬ್ಬಿ ಕೇಳಿದ್ದು ಒಂದೇ ಪ್ರಶ್ನೆ.

"ಅಲ್ಲಿ ನನ್ನನ್ನ ಶಾಲೆಗೆ ಹಾಕ್ತಾರಾ ಅಮ್ಮ?"

ಮೊಂಡಿ ಒಲೆಗೆ ಇನ್ನೊಂದು ಸೌದೆ ತುರುಕಿದಳು.

ಅದೇ ದಿನಗಳಲ್ಲಿ ಒಂದು ಸಂಸ್ಥೆಯವರು ಊರಿಗೆ ಬಂದರು. ಬಡವರ ಮನೆಗಳಿಗೆ ತಿಂಗಳು ತಿಂಗಳು ಇಷ್ಟೆಂದು ದುಡ್ಡು ಕೊಡುತ್ತೇವೆ, ಮನೆಯ ಹೆಂಗಸಿನ ಹೆಸರಿಗೆ ಬರುತ್ತದೆ, ಏನು ಮಾಡಬೇಕೆಂದು ನಾವು ಕೇಳುವುದಿಲ್ಲ ಎಂದರು. ಊರು ನಂಬಲಿಲ್ಲ.

"ಸುಮ್ನೆ ಯಾರಾದ್ರೂ ದುಡ್ಡು ಕೊಡ್ತಾರೇನೇ?" ಅತ್ತೆ ಎಚ್ಚರಿಸಿದಳು. "ಮಲಗಿಸಿ ಕಿಡ್ನಿ ಕಿತ್ಕೊಂಡು ಹೋಗ್ತಾರೆ."

"ನಿನ್ನ ಕಿಡ್ನಿ ಯಾರಿಗೆ ಬೇಕವ್ವ? ತಗೊಂಡವರೇ ವಾಪಸ್ ತಂದು ಕೊಡ್ತಾರೆ" ಎಂದ ಗಂಡ. ಸೊಂಟಕ್ಕೆ ಪೆಟ್ಟಾದ ಮೇಲೆ ಅವನು ತಮಾಷೆ ಮಾಡಿದ್ದು ಅದೇ ಮೊದಲು.

ದುಡ್ಡು ಬಂತು. ಮೊಂಡಿಯ ಫೋನಿಗೆ ಬಂದ ದುಡ್ಡನ್ನು ಅಂಗಡಿಯವನು ತನ್ನ ಫೋನಿಗೆ ಹಾಕಿಸಿಕೊಂಡು, ನೋಟುಗಳನ್ನು ಎಣಿಸಿ ಕೈಗಿಟ್ಟ. ಅವಳು ಅಂಗಡಿಯ ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು. ಹಾಗೆ ಹಗಲು ಹೊತ್ತಿನಲ್ಲಿ, ಕೆಲಸವಿಲ್ಲದೆ, ಬೀದಿಯಲ್ಲಿ ಕೂತು ಅವಳಿಗೆ ಗೊತ್ತೇ ಇರಲಿಲ್ಲ.

ಸಲಹೆಗಳು ಮಾತ್ರ ಧಾರಾಳವಾಗಿ ಬಂದವು. ಕರು ತಗೋ ಎಂದ ಅಂಗಡಿಯವನು. ಮಾಡಿಗೆ ತಗಡು ಹಾಕಿಸು ಎಂದಳು ಅದೇ ಓಣಿಯಲ್ಲಿದ್ದ ನಾದಿನಿ. "ಗುಬ್ಬಿ ಮದುವೆಗೆ ಎತ್ತಿಡು, ನನ್ನ ಹತ್ರಾನೇ ಕೊಟ್ಟಿರು ಬೇಕಾದ್ರೆ" ಎಂದರು ಅಮ್ಮಾವ್ರು.

ಮೊಂಡಿಯ ತಲೆಯಲ್ಲಿ ಇದ್ದದ್ದು ಬೇರೆ. ಹೆದ್ದಾರಿಯ ಪಕ್ಕ ಒಂದು ಹಾಲಿನ ಕಾರ್ಖಾನೆಯಿತ್ತು. ಕ್ಯಾನು ತೊಳೆಯಲು ಹೆಂಗಸರನ್ನು ತೆಗೆದುಕೊಳ್ಳುತ್ತಿದ್ದರು. ಕೊಟ್ಟಿಗೆಯಲ್ಲಿ ಸಿಗುವುದಕ್ಕಿಂತ ಎಷ್ಟೋ ಹೆಚ್ಚಿನ ಸಂಬಳ. ಹಿಂದೊಮ್ಮೆ ಅವಳು ಗೇಟಿನ ತನಕ ಹೋಗಿ ವಾಪಸ್ ಬಂದಿದ್ದಳು. ಸಂಬಳ ಕೊಡುವುದು ತಿಂಗಳಾದ ಮೇಲೆ ಎಂದಿದ್ದರು. ಸಂಜೆಯ ಹಿಟ್ಟನ್ನೇ ನಂಬಿದ ಮನೆ ತಿಂಗಳ ತನಕ ಕಾಯುವುದು ಹೇಗೆ? ಅಷ್ಟು ದಿನ ಉಪವಾಸ ಇರಬಲ್ಲವರಿಗೆ ಮಾತ್ರ ಆ ಕೆಲಸ ಎಂದುಕೊಂಡು ತಿರುಗಿ ನೋಡದೆ ನಡೆದು ಬಂದಿದ್ದಳು.

ಈಗ ಆ ತಿಂಗಳು ಅವಳ ಸೆರಗಿನ ಗಂಟಿನಲ್ಲಿತ್ತು.

ಮಾರನೇ ದಿನ ಹಾಲು ಕರೆದು, ಕೊಟ್ಟಿಗೆ ತೊಳೆದು, ಕೈಕಾಲಿಗೆ ನೀರು ಹಾಕಿಕೊಂಡು ಅಮ್ಮಾವ್ರ ಅಂಗಳಕ್ಕೆ ಹೋದಳು.

"ಅಮ್ಮಾವ್ರೇ, ಗುಬ್ಬೀನ ಕಳ್ಸಲ್ಲ."

ಅಮ್ಮಾವ್ರಿಗೆ ಸರಿಯಾಗಿ ಕೇಳಿಸಲಿಲ್ಲವೋ ಏನೋ. "ಏನಂದೆ?"

"ಗುಬ್ಬಿ ಪಟ್ಟಣಕ್ಕೆ ಹೋಗಲ್ಲ. ಶಾಲೆಗೆ ಹೋಗ್ತಾಳೆ."

"ಮಾತು ಕೊಟ್ಟಿದ್ದೆಯಲ್ಲೇ?"

"ಕೊಟ್ಟಿದ್ದೆ. ಆವಾಗ ಕೊಡೋಕೆ ಅದೊಂದೇ ಇತ್ತು. ಈಗ ವಾಪಸ್ ತಗೋತಿದೀನಿ."

"ಬಿಟ್ಟಿ ದುಡ್ಡು ಬಂತು ನೋಡು, ನಾಲಿಗೆ ಉದ್ದ ಆಯ್ತು" ಎಂದರು ಅಮ್ಮಾವ್ರು. ಅವರ ಮುಖ ಕೆಂಪಾಗಿತ್ತು. "ಅದು ಎಷ್ಟು ದಿನ ಬರುತ್ತೆ? ನಿಂತ ಮೇಲೆ ಯಾರ ಬಾಗಿಲಿಗೆ ಬರ್ತೀಯ? ಜ್ವರ ಬಂದಾಗ ಯಾರು ನೋಡಿದ್ರು?"

"ನೀವೇ ನೋಡಿದ್ರಿ. ಅದನ್ನ ಮರೆಯಲ್ಲ. ಆದ್ರೆ ಔಷಧಿಗೆ ಮಗಳನ್ನ ಕೊಡೋಕಾಗಲ್ಲ ಅಮ್ಮಾವ್ರೇ."

"ನಾಳೆಯಿಂದ ಕೊಟ್ಟಿಗೆ ಕಡೆ ತಲೆ ಹಾಕ್ಬೇಡ."

ಮೊಂಡಿ ಬಗ್ಗಿ ಕೈ ಮುಗಿಯಲಿಲ್ಲ. ಅಂಗಳ ದಾಟಿ ಬೀದಿಗೆ ಬಂದ ಮೇಲೆ ಗೋಡೆ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಳು, ಅಷ್ಟೇ.

ಮನೆಯಲ್ಲಿ ಅತ್ತೆ ಎದೆ ಬಡಿದುಕೊಂಡಳು. "ಇರೋ ಅನ್ನಕ್ಕೂ ಕಲ್ಲು ಹಾಕ್ದೆಯಲ್ಲೇ! ದೊಡ್ಡವರನ್ನ ಎದುರು ಹಾಕ್ಕೊಂಡು ಬದುಕೋಕಾಗುತ್ತಾ?"

"ಆಗುತ್ತೋ ಇಲ್ವೋ ನೋಡೇಬಿಡೋಣ ಅತ್ತೆ."

ಗಂಡ ಬುಟ್ಟಿ ಕೆಳಗಿಟ್ಟ. "ಕಾರ್ಖಾನೆಗೆ ಹೋಗು. ಒಲೆ, ನೀರು ನನಗಿರಲಿ" ಎಂದ. ಬಾವಿ ತೋಡುತ್ತಿದ್ದ ಗಂಡಸು ಒಲೆ ಊದುವುದನ್ನು ನೋಡಲು ಓಣಿಯ ಹೆಂಗಸರು ಬಾಗಿಲಿಗೆ ಬಂದರೆ, "ಒಳಗೆ ಬನ್ನಿ, ಟಿಕೆಟ್ ಇಲ್ಲ" ಎನ್ನುತ್ತಿದ್ದ.

ಆ ತಿಂಗಳು ಸುಲಭವಾಗಿರಲಿಲ್ಲ. ಕ್ಯಾನು ತೊಳೆಯುವ ಸೋಡಾದ ಬಿಸಿನೀರಿಗೆ ಮೊಂಡಿಯ ಬೆರಳು ಸಿಪ್ಪೆ ಎದ್ದವು. ಬೆಳಿಗ್ಗೆ ಹೆದ್ದಾರಿಯ ಅಂಚಿನಲ್ಲಿ ನಡೆದು ಹೋಗುವಾಗ ಲಾರಿಗಳು ಮೈಮೇಲೆ ಬಂದಂತೆ ಬರುತ್ತಿದ್ದವು. ಅಮ್ಮಾವ್ರ ಮನೆಯ ಕಡೆಯವರು ಎದುರಾದರೆ ಮುಖ ತಿರುಗಿಸುತ್ತಿದ್ದರು. ಹಾಲಿಲ್ಲದ್ದಕ್ಕೆ ಅತ್ತೆ ದಿನಾ ಗೊಣಗಿದಳು. ಆದರೆ ಸೆರಗಿನ ಗಂಟಿನಿಂದ ಹಿಟ್ಟು ಬಂತು, ಎಣ್ಣೆ ಬಂತು, ಗುಬ್ಬಿಗೆ ಪೆನ್ಸಿಲ್ಲೂ ಬಂತು. ರಜ ಶುರುವಾದಾಗ ಪಟ್ಟಣದಿಂದ ಬಂದ ಕಾರು ಖಾಲಿಯಾಗಿಯೇ ತಿರುಗಿ ಹೋಯಿತು. ತಿಂಗಳ ಕೊನೆಗೆ ಸಂಬಳ ಕೈಗೆ ಬಂದಾಗ ಮೊಂಡಿ ಮೊದಲು ಕೊಂಡದ್ದು ಹಾಲು. ಅತ್ತೆಯ ಮುಂದೆ ಚೊಂಬು ಇಟ್ಟು, "ಕುಡೀರಿ. ಇದಕ್ಕೆ ಯಾರಿಗೂ ಕೈ ಮುಗಿಬೇಕಾಗಿಲ್ಲ" ಎಂದಳು. ಅತ್ತೆ ಕುಡಿದಳು. ಸಕ್ಕರೆ ಕಮ್ಮಿ ಎಂದಳು.

ಅವಳನ್ನು ನೋಡಿ ಕೊಟ್ಟಿಗೆಯ ಇನ್ನಿಬ್ಬರು ಹೆಂಗಸರೂ ಕಾರ್ಖಾನೆಗೆ ಬಂದರು. ಮೂವರೂ ಜೊತೆಯಾಗಿ ನಡೆಯತೊಡಗಿದ ಮೇಲೆ ಹೆದ್ದಾರಿಯ ಹೆದರಿಕೆ ಹೋಯಿತು.

ಮುಂದಿನ ವರ್ಷ ಸಂಸ್ಥೆಯವರ ದುಡ್ಡು ನಿಂತಿತು. ಒಂದೇ ವರ್ಷ ಎಂದು ಮೊದಲೇ ಹೇಳಿದ್ದರು, ಆದರೂ ಊರಿನಲ್ಲಿ ಎಲ್ಲರ ಮುಖ ಬಾಡಿತ್ತು. ಆ ವಾರವೇ ಅಮ್ಮಾವ್ರು ಮೊಂಡಿಯ ಮನೆ ಬಾಗಿಲಿಗೆ ಬಂದರು. ಅಷ್ಟು ವರ್ಷಗಳಲ್ಲಿ ಅವರು ಆ ಓಣಿಗೆ ಕಾಲಿಟ್ಟಿರಲಿಲ್ಲ. ಕೊಟ್ಟಿಗೆಗೆ ಜನ ಸಿಗದೆ ತಾವೇ ಹಾಲು ಕರೆಯುತ್ತಿದ್ದರಂತೆ, ಬಳಲಿದ್ದರು.

"ದುಡ್ಡು ನಿಂತಿತಂತೆ" ಎಂದರು. "ನಾನು ಹೇಳಿರಲಿಲ್ವಾ? ಹೋಗ್ಲಿ ಬಿಡು, ಆದದ್ದು ಆಯ್ತು. ನೀನು ಬಾ. ಗುಬ್ಬೀನೂ ಈಗ ಬೆಳೆದಿದ್ದಾಳೆ, ಪಟ್ಟಣದಲ್ಲಿ ಇನ್ನೂ ಯಾರೂ ಸಿಕ್ಕಿಲ್ಲ..."

ಮೊಂಡಿ ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಅತ್ತೆಯ ದನಿ ಬಂತು.

"ಏನು ಕೇಳ್ತಿದ್ದಾರೇ ಅವ್ರು? ನಮ್ಮ ಮಗೂನ? ಇಲ್ಲ ಅಂತ ಹೇಳು! ನಿನ್ನ ಬಾಯಿಗೇನಾಗಿದೆ?"

ಮೊಂಡಿಗೆ ನಗು ತಡೆಯಲಾಗಲಿಲ್ಲ. ಸೆರಗನ್ನು ಬಾಯಿಗೊತ್ತಿಕೊಂಡು ಸಾವರಿಸಿಕೊಂಡಳು.

"ಕೇಳಿಸ್ತಲ್ಲ ಅಮ್ಮಾವ್ರೇ. ಕೊಟ್ಟಿಗೆಗೆ ಜನ ಬೇಕಾದ್ರೆ ನನ್ನ ನಾದಿನಿ ಇದ್ದಾಳೆ, ಚೆನ್ನಾಗಿ ಹಾಲು ಕರೀತಾಳೆ. ಹಿಟ್ಟು ಕೊಟ್ರೆ ಬರಲ್ಲ, ಸಂಬಳ ಕೊಟ್ರೆ ಬರ್ತಾಳೆ. ನಾನೇ ಹೇಳ್ತೀನಿ. ಮಕ್ಕಳ ವಿಷಯ ಮಾತ್ರ ಈ ಓಣೀಲಿ ಯಾರ ಮನೇಲೂ ಎತ್ತಬೇಡಿ."

ಅಮ್ಮಾವ್ರು ಸೆರಗಿನಿಂದ ಬೆವರು ಒರೆಸಿಕೊಂಡರು. "ಎಷ್ಟು ಕೇಳ್ತಾಳೆ ನಿನ್ನ ನಾದಿನಿ?" ಎಂದರು.

"ಕೂತ್ಕೊಳ್ಳಿ, ಕರೀತೀನಿ" ಎಂದು ಮೊಂಡಿ ಜಗಲಿ ಒರೆಸಿ ಜಾಗ ತೋರಿಸಿದಳು.