ಕರಡಿ ಮಾತ್ರೆ

“ಈ ಸಣ್ಣ ಅಕ್ಷರ ನನ್ ಕಣ್ಣಿಗೆ ಕಾಣಕ್ಕಿಲ್ಲ ಕಣವ್ವ. ನೀನೇ ಓದ್ಬುಡು,” ಎಂದು ಮರಿಸ್ವಾಮಿ ಡಬ್ಬಿಯನ್ನು ಗಾಜಿನ ಕೌಂಟರಿನ ಮೇಲೆ ವಾಣಿಯ ಕಡೆಗೆ ತಳ್ಳಿದರು.

ಮೊಮ್ಮಗನಿಗೆ ಅಗಿದು ತಿನ್ನುವ ಮೆತ್ತನೆಯ ವಿಟಮಿನ್ ಗಮ್ಮಿ ಕೊಳ್ಳಲು ಬಂದಿದ್ದ ಮುದುಕ. ಸಕ್ಕರೆ ಇದೆಯೋ ಇಲ್ಲವೋ ನೋಡಿ ತಗೊಳ್ಳಿ ಎಂದು ಹಲ್ಲಿನ ಡಾಕ್ಟರು ಹೇಳಿ ಕಳಿಸಿದ್ದರಂತೆ. “ಅಂಥದ್ದೇನೂ ಇಲ್ಲ ತಾತ, ಇದು ಔಷಧಿ. ನನ್ನ ಮಗಳಿಗೂ ಇದನ್ನೇ ಕೊಡೋದು,” ಎಂದು ವಾಣಿ ಆಗಲೇ ಹೇಳಿಯಾಗಿತ್ತು. ದೇವರಾಜ ಮೊಹಲ್ಲಾದ ಈ ಮೆಡಿಕಲ್ ಸ್ಟೋರಿನಲ್ಲಿ ಆರು ವರ್ಷದಿಂದ ಅವಳ ಮಾತಿಗೆ ಎದುರಿಲ್ಲ. ಡಾಕ್ಟರ ಚೀಟಿಯನ್ನು ನಂಬದವರೂ ಅವಳನ್ನು ನಂಬುತ್ತಾರೆ. ಈ ತಾತ ಮಾತ್ರ ಜಗ್ಗುವ ಆಸಾಮಿಯಲ್ಲ.

ವಾಣಿ ಡಬ್ಬಿ ತಿರುಗಿಸಿದಳು. ಮುಂದುಗಡೆ ಕಿತ್ತಳೆ, ಸೇಬು, ನಗುವ ಕರಡಿಮರಿ. ಹಿಂದುಗಡೆ ಒಳಗೇನೇನಿದೆ ಎಂಬ ಪಟ್ಟಿ. ಯಾವುದು ಹೆಚ್ಚಿದೆಯೋ ಅದನ್ನೇ ಮೊದಲು ಬರೆಯಬೇಕು ಎಂಬುದು ಫಾರ್ಮಸಿ ಓದುವಾಗಲೇ ಅವಳು ಕಲಿತಿದ್ದ ಸಂಗತಿ.

“ಸಕ್ಕರೆ,” ಎಂದಳು.

“ಆಮ್ಯಾಕೆ?”

“ಲಿಕ್ವಿಡ್ ಗ್ಲೂಕೋಸ್. ಅದೂ ಒಂಥರಾ ಸಕ್ಕರೆ ಪಾಕಾನೇ ತಾತ.”

“ವಿಟಮಿನ್ನು ಎಲ್ಲದೆ?”

ಅದು ಪಟ್ಟಿಯ ತುದಿಯಲ್ಲೆಲ್ಲೋ ಇತ್ತು. ಒಂದೊಂದು ಗಮ್ಮಿಗೆ ಎರಡು ಗ್ರಾಂ ಸಕ್ಕರೆ, ಅಂದರೆ ಅರ್ಧ ಚಮಚ. ಮರಿಸ್ವಾಮಿ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡರು. “ಬ್ಯಾಡ ಬುಡವ್ವ. ನಿನ್ ಮಗೀಗೂ ಕೊಡ್ಬ್ಯಾಡ,” ಎಂದು ಮೆಟ್ಟಿಲಿಳಿದು ಹೋದರು.

ವಾಣಿ ಶೆಲ್ಫಿನಿಂದ ಇನ್ನೊಂದು ಡಬ್ಬಿ ತೆಗೆದಳು. ಮತ್ತೊಂದು ತೆಗೆದಳು. ಮಕ್ಕಳ ಸಿರಪ್ಪು, ಚೀಪುವ ಕ್ಯಾಲ್ಸಿಯಂ, ಹಾಲಿಗೆ ಹಾಕುವ ಪುಡಿ, ಎಲ್ಲವನ್ನೂ ಬೆನ್ನು ತಿರುಗಿಸಿ ನಿಲ್ಲಿಸಿದಳು. ಕೆಲವುಗಳಲ್ಲಿ ಸಕ್ಕರೆ ಇರಲಿಲ್ಲ. ಅವಳ ಮನೆಯಲ್ಲಿದ್ದುದರಲ್ಲಿ ಇತ್ತು. ಕಂಪ್ಯೂಟರಿನ ಹಿಂದೆ ಕೂತಿದ್ದ ಮಾಲೀಕ ಬಿಂದುಮಾಧವ ಕನ್ನಡಕ ತೆಗೆದು ನೋಡಿದರು.

“ಹೀಗೆ ಒಂದೊಂದನ್ನೇ ಓದ್ತಾ ನಿಂತ್ರೆ ಅಂಗಡಿ ಬಾಗಿಲು ಹಾಕ್ಬೇಕಾಗುತ್ತೆ ಕಣಮ್ಮ.”

“ಸರ್, ನಾನು ಇವತ್ತು ಬೇಗ ಹೋಗ್ಲಾ?”

ಅವಳ ಮುಖ ನೋಡಿ ಅವರು, “ಹೊರಡಮ್ಮ,” ಎಂದರು.

ವಾಣಿಯ ಐದು ವರ್ಷದ ಮಗಳು ಹರ್ಷಿತಾ ಆ ಗಮ್ಮಿಯನ್ನು ಕರಡಿ ಮಾತ್ರೆ ಎನ್ನುತ್ತಿದ್ದಳು. ಕಂಪನಿಯವರು ಅಂಗಡಿಗೆ ಕೊಟ್ಟುಹೋಗುತ್ತಿದ್ದ ಸ್ಯಾಂಪಲ್ ಬಾಟಲಿಗಳವು. ಪಟ್ಟಿ ಅಚ್ಚಾದ ಹೊರಡಬ್ಬಿ ಅವಕ್ಕಿರಲಿಲ್ಲ, ಬರೀ ಕರಡಿಯ ಚಿತ್ರವಿತ್ತು. ಎಂಟು ತಿಂಗಳಿಂದ ದಿನಕ್ಕೆ ಎರಡು. ಅದೂ ಮಲಗುವ ಮುನ್ನ, ಹಠ ಮಾಡದೆ ಹಲ್ಲುಜ್ಜಿದ್ದಕ್ಕೆ ಬಹುಮಾನವಾಗಿ! ಹೊರಡಬ್ಬಿ ಇರಲಿಲ್ಲ ಎನ್ನುವುದು ನೆಪ ಅಷ್ಟೇ. ಪಟ್ಟಿ ದಿನವೂ ಅವಳ ಕೈಯಳತೆಯ ಶೆಲ್ಫಿನಲ್ಲೇ ಇತ್ತು.

ಮಗುವಿನ ನಾಲ್ಕು ಹಲ್ಲು ಹುಳುಕಾಗಿದೆ ಎಂದು ಡಾಕ್ಟರು ಹೇಳಿದ್ದು ಯುಗಾದಿಗೆ ವಾರ ಮುಂಚೆ. “ಮನೇಲಿ ಸಿಹಿ ಯಾರು ಕೊಡ್ತಾರೆ?” ಎಂದು ಅವರು ಕೇಳಿದಾಗ ವಾಣಿ ಅತ್ತೆಯ ಕಡೆ ನೋಡಿದ್ದಳು. ಹುರಿಗಡಲೆಯ ಜೊತೆ ಮೊಮ್ಮಗಳ ಕೈಗೆ ಬೆಲ್ಲದ ಹರಳು ಇಡುವುದು ಚೆಲುವಮ್ಮನ ರೂಢಿ. ಅಂದಿನಿಂದ ಬೆಲ್ಲದ ಡಬ್ಬ ಅಟ್ಟ ಸೇರಿತು. ಹಬ್ಬದ ದಿನ ಬೇವು ಬೆಲ್ಲದ ಬಟ್ಟಲಿನಿಂದ ಬೆಲ್ಲವನ್ನು ಪಕ್ಕಕ್ಕೆ ಸರಿಸಿ, ಮಗುವಿನ ಬಾಯಿಗೆ ವಾಣಿ ಬರೀ ಬೇವು ಹಾಕಿದಾಗ ಚೆಲುವಮ್ಮ ಎದೆ ಮೇಲೆ ಕೈಯಿಟ್ಟುಕೊಂಡಿದ್ದರು. “ವರ್ಸದ ಮೊದಲ್ನೇ ದಿನ ಮಗೀಗೆ ಬರೀ ಕಹಿ ಕೊಟ್ಟಾರೇನವ್ವ?” ಆ ರಾತ್ರಿಯೂ ಎರಡು ಕರಡಿ ಮಾತ್ರೆ ತಪ್ಪಲಿಲ್ಲ.

ಬೆಲ್ಲ ನಿಂತರೂ ಹುಳುಕು ನಿಲ್ಲಲಿಲ್ಲ. ಹೋದ ವಾರ ಮುಂದಿನ ಎರಡು ಹಲ್ಲು ಕೀಳಿಸಬೇಕಾಯಿತು. ಮಗು ಅತ್ತ ಅಳುವಿಗೆ ವಾಣಿಯ ತಲೆ ಕೆಟ್ಟಿತ್ತು. ಮನೆಗೆ ಬಂದವಳೇ, “ಕದ್ದು ಕೊಡ್ತಿದೀರ ಅಲ್ವಾ? ಸೆರಗಿನ ಗಂಟು ಬಿಚ್ಚಿ ತೋರ್ಸಿ,” ಎಂದುಬಿಟ್ಟಿದ್ದಳು. ಚೆಲುವಮ್ಮ ಬಿಚ್ಚಿದರು. ಎರಡು ಏಲಕ್ಕಿ, ಒಂದು ಬಿ.ಪಿ. ಮಾತ್ರೆ, ಚಿಲ್ಲರೆ. ಅಂದಿನಿಂದ ಅವರು ಮೊಮ್ಮಗಳ ತಟ್ಟೆ ಮುಟ್ಟಿಲ್ಲ. ಭಾನುವಾರ ಉದಯಗಿರಿಗೆ, ಮಗಳು ಕಮಲಳ ಮನೆಗೆ ಹೊರಟಿದ್ದಾರೆ. ಮತ್ತೆ ಯಾವಾಗ ಬರುತ್ತೀರಿ ಎಂದು ಮಗ ಕೇಳಿದರೆ ಬಟ್ಟೆ ಮಡಿಸತೊಡಗುತ್ತಾರೆ.

ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪರರ ತಟ್ಟೆಯ ನೊಣ ಕಾಣುತ್ತದಂತೆ. ಮನೆಗೆ ಹೋಗುವ ಹಿನಕಲ್ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕರೂ ವಾಣಿಗೆ ಕೂರಲಾಗಲಿಲ್ಲ. ಎದ್ದಳು, ಕಂಬಿ ಹಿಡಿದಳು, ಮತ್ತೆ ಕೂತಳು. ಹೇಳಲೇಬೇಕೇ? ಬಾಟಲಿಯನ್ನು ಸದ್ದಿಲ್ಲದೆ ಕಸಕ್ಕೆ ಹಾಕಿದರೆ ಮುಗಿಯಿತು. ಹುಳುಕು ನಿಲ್ಲುತ್ತದೆ, ಬೆಲ್ಲ ಬಿಡಿಸಿದ್ದರಿಂದಲೇ ನಿಂತಿತು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಅತ್ತೆಯೂ ಹಾಗೇ ಅಂದುಕೊಳ್ಳುತ್ತಾರೆ. ಅದು ಹೊಳೆದಾಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಇಳಿಯುವ ಸ್ಟಾಪಿಗೆ ಮುಂಚೆಯೇ ಬಾಗಿಲಿಗೆ ಬಂದು ನಿಂತಳು.

ಚೆಲುವಮ್ಮ ನಡುಮನೆಯಲ್ಲಿ ಸೀರೆ ಮಡಿಸಿ ಬ್ಯಾಗಿಗೆ ಇಡುತ್ತಿದ್ದರು. ವಾಣಿ ಚಪ್ಪಲಿ ಬಿಟ್ಟವಳೇ ಫ್ರಿಜ್ಜಿನ ಮೇಲಿದ್ದ ಬಾಟಲಿಯನ್ನು ತಂದು ಅವರ ಮುಂದೆ ಕೂತಳು.

“ಅತ್ತೆ, ಮಗು ಹಲ್ಲು ಹಾಳಾಗಿದ್ದು ಇದ್ರಿಂದ. ಇದ್ರಲ್ಲಿ ಇರೋದೆಲ್ಲ ಸಕ್ಕರೆ. ನಾನು ಓದೇ ಇರ್ಲಿಲ್ಲ.”

ಚೆಲುವಮ್ಮ ಬಾಟಲಿಯನ್ನು ಕೈಗೆ ತೆಗೆದುಕೊಂಡು, ಮುಚ್ಚಳ ತಿರುಗಿಸಿ ಮೂಸಿದರು. ಒಂದು ಕೆಂಪು ಕರಡಿಯನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. ವಾಣಿಗೆ ಆಗ ಹೊಳೆಯಿತು, ಎಂಟು ತಿಂಗಳಲ್ಲಿ ತಾನು ಇದರ ರುಚಿಯನ್ನೂ ನೋಡಿರಲಿಲ್ಲ.

“ಮಿಠಾಯಿ ಕಣವ್ವ ಇದು,” ಎಂದರು ಚೆಲುವಮ್ಮ. “ಔಸ್ದಿ ಅಂತ ನಾನು ಮುಟ್ಟಕ್ಕೇ ಓಗ್ಲಿಲ್ಲ.”

“ತಪ್ಪಾಯ್ತು ಅತ್ತೆ.”

“ನಾನೂ ಬೆಲ್ಲ ಕೊಟ್ಟಿದ್ದುಂಟು, ಇಲ್ಲ ಅನ್ನಕ್ಕಿಲ್ಲ. ನೀನು ಬ್ಯಾಡ ಅಂದ್ಮ್ಯಾಕೆ ಒಂದು ಹರಳೂ ಕೊಟ್ಟಿಲ್ಲ.”

“ಗೊತ್ತು ಅತ್ತೆ.”

“ಈಗ ಗೊತ್ತಾಯ್ತು.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ವಾಣಿಗೆ ಹಗುರಾಗುತ್ತಿತ್ತು. “ಭಾನುವಾರ ಹೋಗ್ಬೇಡಿ,” ಎಂದಳು. ಚೆಲುವಮ್ಮ ಮಡಿಲಲ್ಲಿದ್ದ ಸೀರೆಯ ಅಂಚನ್ನು ಬೆರಳಿಂದ ತೀಡಿದರೇ ಹೊರತು ಅದನ್ನು ಬ್ಯಾಗಿಗೂ ಇಡಲಿಲ್ಲ, ಬೀರುವಿಗೂ ಇಡಲಿಲ್ಲ.

ಅಷ್ಟರಲ್ಲಿ ಹರ್ಷಿತಾ ಪಕ್ಕದ ಮನೆಯಿಂದ ಸೀಬೆಹಣ್ಣು ಹಿಡಿದುಕೊಂಡು ಓಡಿಬಂದಳು. “ಅಜ್ಜಿ, ಕಚ್ಚಕ್ಕೆ ಆಗ್ತಿಲ್ಲ. ಕುಯ್ದು ಕೊಡು!” ಅಮ್ಮ ಅಲ್ಲೇ ಕೂತಿದ್ದರೂ ಹಣ್ಣು ಹೋದದ್ದು ಅಜ್ಜಿಯ ಮಡಿಲಿಗೆ.

ಚೆಲುವಮ್ಮ ಎದ್ದು ಚಾಕು ತಂದರು. ಹಣ್ಣನ್ನು ತೆಳ್ಳಗೆ ಸೀಳಿ, ಹುಳುಕು ಹಲ್ಲಿನ ಸಂದಿಗೆ ಸಿಕ್ಕಿಕೊಳ್ಳದಿರಲೆಂದು ಬೀಜವನ್ನು ಒಂದೊಂದಾಗಿ ಕೆರೆದು ತೆಗೆದರು. ಮಗು ಬಾಯಿ ಕಳೆದು ಹತ್ತಿರ ಬಂತು. ತುಟಿಯವರೆಗೆ ಹೋದ ಅವರ ಕೈ ಅಲ್ಲೇ ನಿಂತಿತು. ಅವರು ಸೊಸೆಯ ಕಡೆ ತಿರುಗಿದರು.

“ಕೊಡ್ಲಾ?”

ಹರ್ಷಿತಾ ಬಾಯಿ ತೆರೆದುಕೊಂಡೇ ನಿಂತಿದ್ದಳು, ಕಿತ್ತ ಹಲ್ಲುಗಳ ಜಾಗದಲ್ಲಿ ಒಸಡು ಕೆಂಪಗೆ ಕಾಣುತ್ತಿತ್ತು.